ಮಾದರಿ ಡಬ್ಬಿಯಲ್ಲಿ ಹೋದ ಕಲ್ಲು

ಅದಿರಿನ ಗುಡ್ಡೆಯಿಂದ ಮಾದರಿ ತೆಗೆಯುವವರಿಗೆ ಮೊದಲು ಹೇಳಿಕೊಡುವುದು, ಮೇಲೆ ಕಾಣುವ ಮಾಲನ್ನು ನಂಬಬೇಡ ಎಂದು. ಗಟ್ಟಿ ಕಲ್ಲು ಉರುಳಿ ಬುಡಕ್ಕೆ ಹೋಗಿರುತ್ತದೆ, ಪುಡಿ ನಡುವೆ ಕುಳಿತಿರುತ್ತದೆ. ಅದಕ್ಕೇ ಗುಡ್ಡೆಯ ಸುತ್ತ ಬೇರೆ ಬೇರೆ ಎತ್ತರದಲ್ಲಿ ಅಗೆದು ಒಳಗಿನಿಂದ ಒಂದೊಂದು ಸಲಿಕೆ ತೆಗೆಯಬೇಕು. ತೆಗೆದದ್ದನ್ನೆಲ್ಲ ತಗಡಿನ ಮೇಲೆ ಗೋಪುರದಂತೆ ಸುರಿದು, ತಟ್ಟಿ ಚಪ್ಪಟೆ ಮಾಡಿ, ನಾಲ್ಕು ಪಾಲು ಹಾಕಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು. ಮತ್ತೆ ಸುರಿ, ಮತ್ತೆ ತಟ್ಟು, ಮತ್ತೆ ಪಾಲು. ಲಾರಿಗಟ್ಟಲೆ ಮಾಲು ಕೊನೆಗೆ ಒಂದು ತಗಡಿನ ಡಬ್ಬಿಗೆ ಇಳಿಯುತ್ತದೆ. ಆ ಡಬ್ಬಿಗೆ ಅರಗಿನ ಸೀಲು ಹಾಕಿ ಸಹಿ ಮಾಡುವುದು ನನ್ನ ಕೆಲಸವಾಗಿತ್ತು.

ಹಗರಿಬೊಮ್ಮನಹಳ್ಳಿಯ ಹೊರಗಿದ್ದ ಯಾರ್ಡಿಗೆ ಕೊಟ್ಟೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅದಿರಿಗೆ ಬೆಲೆ ಏರಿ, ಎಲ್ಲರಿಗೂ ಹುಚ್ಚು ಹಿಡಿದಿದ್ದ ವರ್ಷಗಳವು. ಮೂಗು ಸೀನಿದರೆ ಕರವಸ್ತ್ರ ಕೆಂಪಾಗುತ್ತಿತ್ತು. ಸಂಜೆ ಮನೆಗೆ ಬಂದರೆ ಅವ್ವ ನನ್ನನ್ನು ಮುಂಬಾಗಿಲಿಂದ ಒಳಗೆ ಬಿಡುತ್ತಿರಲಿಲ್ಲ, ಹಿತ್ತಲಲ್ಲಿ ಮೊದಲೇ ನೀರು ಕಾಯಿಸಿ ಇಟ್ಟಿರುತ್ತಿದ್ದಳು. ಭೂವಿಜ್ಞಾನ ಓದಿದ ಮಗಳು ಹೀಗೆ ಕುಂಬಾರರ ಮಡಕೆಯಾಗಿ ಬರುತ್ತಾಳೆಂದು ಅವಳು ಎಣಿಸಿರಲಿಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಹೊಸ ಕೆಲಸವೊಂದು ತಲೆಗೆ ಬಿತ್ತು. ಪರದೇಶದಲ್ಲಿ ಈ ಮಾಲನ್ನು ಕೊಳ್ಳುವ ಕಂಪನಿಗೆ ಇದ್ದಕ್ಕಿದ್ದಂತೆ ಆತ್ಮಸಾಕ್ಷಿ ಹುಟ್ಟಿತ್ತು. ಜನರನ್ನು ಹೊಡೆದೋಡಿಸಿ ಅಗೆದ ಅದಿರು ನಿಮ್ಮ ಕಾರಿನೊಳಗೆ ಇದೆ ಎಂದು ಅವರ ಊರಲ್ಲಿ ಯಾರೋ ಫಲಕ ಹಿಡಿದು ನಿಂತಿದ್ದರಂತೆ. ಹಾಗಾಗಿ ಪ್ರತಿ ಲೋಡೂ ಎಲ್ಲಿ ಅಗೆದದ್ದು ಎಂದು ಪತ್ತೆ ಹಚ್ಚಬೇಕು, ತಕರಾರಿನ ನೆಲದ ಮಾಲು ಒಂದು ಬುಟ್ಟಿಯೂ ಬರಬಾರದು ಎಂದು ಅವರು ಷರತ್ತು ಹಾಕಿದರು. ಹೊಸಪೇಟೆಯ ಹೋಟೆಲಿನಲ್ಲಿ ದೊಡ್ಡ ಸಭೆ ನಡೆಯಿತು. ಪರದೆಯ ಮೇಲೆ ಯಾವುದೋ ಖಂಡದ ಅಳುವ ಮಕ್ಕಳ ಚಿತ್ರ, ಕೆಳಗೆ ಬಟ್ಟಲು ತುಂಬ ಹುರಿದ ಗೋಡಂಬಿ. ಅದಿರು ಮಾರುವ ವ್ಯಾಪಾರಿಯ ಮ್ಯಾನೇಜರು ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದ. ಅವನ ಮಾಲೆಲ್ಲ ಕೂಡ್ಲಿಗಿ ತಾಲ್ಲೂಕಿನ ಒಂದೇ ಒಂದು ಲೀಸಿನ ಗಣಿಯದೆಂದು ಅವನ ಹೇಳಿಕೆ, ಅದನ್ನು ಪರೀಕ್ಷಿಸಿ ದೃಢಪಡಿಸುವುದು ನನ್ನ ಪಾಲಿಗೆ ಬಂತು.

ದಾರಿ ಸುಲಭದ್ದೇ. ಒಂದೊಂದು ಗುಡ್ಡದ ಕಬ್ಬಿಣದಲ್ಲಿ ಬೆರೆತ ಮ್ಯಾಂಗನೀಸು, ರಂಜಕ, ಅಲ್ಯೂಮಿನಗಳ ಹದ ಒಂದೊಂದು ತರಹ. ಲೀಸಿನ ಗಣಿಯ ಗೋಡೆಯಿಂದ ಮಾದರಿ ತಂದು ಅದರ ಹದ ಗುರುತು ಮಾಡಿಕೊಂಡು, ಯಾರ್ಡಿನ ಮಾಲಿನ ಜೊತೆ ತಾಳೆ ನೋಡುವುದು. ನಾನು ಗಣಿಗೆ ಹೋದೆ. ತಳದಲ್ಲಿ ಹಸಿರು ನೀರು ನಿಂತು ಕಪ್ಪೆ ಕೂಗುತ್ತಿದ್ದವು. ಲಾರಿ ಇಳಿಯುವ ದಾರಿಯ ನಟ್ಟನಡುವೆ ಎಕ್ಕದ ಗಿಡ ಎದೆಮಟ್ಟ ಬೆಳೆದು ಹೂ ಬಿಟ್ಟಿತ್ತು. ಆ ದಾರಿಯಲ್ಲಿ ದಿನಕ್ಕೆ ಸಾಲುಸಾಲು ಟಿಪ್ಪರ್ ಓಡುತ್ತವೆಂದು ಹೇಳುವವನ ಧೈರ್ಯ ಎಷ್ಟಿರಬೇಕು!

"ಮೇಡಂ, ಅದು ಹಳೇ ಮುಖ, ಅಲ್ಲಿ ಅಗೆಯೋದು ಬಿಟ್ಟೀವಿ. ಹೊಸ ಮುಖ ಆ ಕಡೆ ಐತೆ, ದಾರಿ ರಿಪೇರಿ ನಡೀತಾ ಐತೆ, ಇನ್ನೊಂದಿನ ತೋರಿಸ್ತೀನಿ ಬಿಡ್ರಿ," ಎಂದ ಮ್ಯಾನೇಜರು. ಹರಪನಹಳ್ಳಿ ಕಡೆಯವನು, ಮಾತು ಬೆಣ್ಣೆ. ಆ ಇನ್ನೊಂದು ದಿನ ಬರಲೇ ಇಲ್ಲ.

ಯಾರ್ಡಿನ ಮಾಲು ಗಣಿಯ ಹದಕ್ಕೆ ಒಂದು ವಾರ ಕೂಡುತ್ತಿತ್ತು, ಇನ್ನೊಂದು ವಾರ ಕೂಡುತ್ತಿರಲಿಲ್ಲ. ಯಾಕೆಂದು ತಲೆ ಕೆಡಿಸಿಕೊಂಡು ಒಂದು ಮಧ್ಯಾಹ್ನ ತಗಡಿನ ನೆರಳಲ್ಲಿ ಕುಳಿತು ನೋಡಿದೆ. ಎರಡು ಲೋಡರು ಎರಡು ಗುಡ್ಡೆಗಳಿಂದ ಒಂದೊಂದು ಬಕೆಟ್ ಎತ್ತಿ ಮೂರನೆಯ ಗುಡ್ಡೆಗೆ ಸುರಿಯುತ್ತಿದ್ದವು, ಹಿಟ್ಟು ಕಲಸಿದ ಹಾಗೆ. ಗಣಿಯಲ್ಲಿ ಹಿಂದೆ ಅಗೆದು ಇಟ್ಟಿದ್ದ ಹಳೆಯ ಮಾಲನ್ನು ಬೇರೆಲ್ಲಿಯದೋ ಮಾಲಿಗೆ ಬೆರೆಸುತ್ತಿದ್ದರು. ಕಲಸಿದ ಮೇಲೆ ನನ್ನ ಹದ, ತಾಳೆ ಎಲ್ಲ ಗಾಳಿಗೆ ಹೋಯಿತು. ಮಾದರಿ ತೆಗೆದು ಪರೀಕ್ಷಿಸುವ ನಮ್ಮ ಏಜೆನ್ಸಿಯ ಮುಖ್ಯಸ್ಥರಿಗೆ ಹೇಳಿದೆ. ಅವರು ಚಹಾ ತರಿಸಿದರು.

"ಬೆರೆಸುವುದು ತಪ್ಪಲ್ಲಮ್ಮ. ಗುಣಮಟ್ಟ ಸಮ ಮಾಡಲು ಎಲ್ಲರೂ ಬೆರೆಸುತ್ತಾರೆ. ನೀನು ಅನುಮಾನ ಬರೆಯಬೇಡ, ಕಂಡದ್ದು ಬರೆ," ಎಂದರು.

ಕಂಡದ್ದು ಎಂದರೆ ಏನು? ಎಕ್ಕದ ಗಿಡ ಕಂಡಿದ್ದೆ. ಅದನ್ನು ಬರೆದದ್ದಕ್ಕೆ 'ಸಸ್ಯಶಾಸ್ತ್ರ ನಮ್ಮ ಕೆಲಸವಲ್ಲ' ಎಂದು ಗೀಟು ಎಳೆದರು.

ಯಾರ್ಡಿನಲ್ಲಿ ಜರಡಿ ಹಿಡಿಯುವುದು ಹೆಂಗಸರ ಕೆಲಸ. ಅವರಲ್ಲಿ ಒಬ್ಬಳು ಕೂಡ್ಲಿಗಿ ಕಡೆಯ ಕುರುಬರ ಹಟ್ಟಿಯವಳು, ನನಗಿಂತ ನಾಲ್ಕಾರು ವರ್ಷ ಹಿರಿಯಳು. ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಬಾಯಿಗೆ ಸೆರಗು ಕಟ್ಟಿಕೊಂಡು ಬಂದರೆ ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ನಾನು ಹೊಸ ಗುಡ್ಡೆಯಿಂದ ತೆಗೆದ ಮಾಲನ್ನು ಅವಳು ಜರಡಿಗೆ ಹಾಕಿ ಅಲ್ಲಾಡಿಸುತ್ತಿದ್ದಳು. ತಟ್ಟನೆ ಕೈ ನಿಲ್ಲಿಸಿ, ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಹಾವೇನಾದರೂ ಬಂತೋ ಎಂದು ನಾನೂ ಹಾರಿದೆ.

ಜರಡಿಯಲ್ಲಿ ಮುಷ್ಟಿಗಾತ್ರದ ಒಂದು ಕಲ್ಲಿತ್ತು. ಒಂದು ಮಗ್ಗುಲು ಮುರಿದು ಅದಿರಿನ ಕಪ್ಪು ಹೊಳಪು ಕಾಣುತ್ತಿತ್ತು. ಉಳಿದ ಮೈಗೆಲ್ಲ ಸುಣ್ಣ, ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ.

"ಇದು ನಮ್ ಗುಡ್ಡದಪ್ಪ ಐತೆಕ್ಕಾ," ಎಂದಳು. ದನಿ ಸಣ್ಣಗಾಗಿತ್ತು. "ಇಲ್ಲಿಗ್ಯಾಕ ಬಂತು ಇದು? ಅಂದ್ರ ಅಲ್ಲೀಮಟಾ ಅಗದ್ರೇನು?"

ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವ್ವನ ತವರು ಉಜ್ಜಿನಿ ಹತ್ತಿರ, ಕುರಿ ಸಾಕುವವರ ಮನೆ. ಇಂಥ ಗುಡ್ಡದ ದೇವರಿಗೆ ಗುಡಿ ಇರುವುದಿಲ್ಲ. ಕುರಿ ಚೆನ್ನಾಗಿ ಈದ ವರ್ಷ ಮನೆಯವರು ಮೇಲೆ ಹೋಗಿ ಒಂದು ಕಲ್ಲು ನಿಲ್ಲಿಸಿ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಹಾಕುತ್ತಾರೆ. ಅಷ್ಟು ಮಾಡಿದರೆ ಅದು ದೇವರು. ಆಮೇಲೆ ಪ್ರತಿ ದೀವಳಿಗೆಗೆ ಹೋಗಿ ಹಳೆಯ ಬಳಿತದ ಮೇಲೆ ಹೊಸದು ಬಳಿಯಬೇಕು. ಬಳಿಯುವವರಿಲ್ಲದ ಕಲ್ಲು ಅನಾಥ ಎಂದು ಅಜ್ಜಿ ಹೇಳುತ್ತಿದ್ದಳು.

ಅವತ್ತು ಊಟದ ಹೊತ್ತಿಗೆ ಅವಳು ಎಲ್ಲ ಹೇಳಿದಳು. ಹಟ್ಟಿಯ ಹಿಂದಿನ ಗುಡ್ಡಕ್ಕೆ ಹೋದ ವರ್ಷ ಯಂತ್ರ ಬಂತು. ಕುರಿ ಹತ್ತಿಸಬೇಡಿ ಎಂದರು. ಹತ್ತಿಸಿದವರನ್ನು ಹೊಡೆದರು. ಇವಳ ಗಂಡನ ಮೊಣಕಾಲಿಗೆ ಹಾರೆಯಲ್ಲಿ ಹೊಡೆದಿದ್ದರು, ಅವನು ಈಗ ಕೋಲು ಊರಿ ನಡೆಯುತ್ತಾನೆ. ಕುರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಾರಿಹೋದವು. ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಬಂಡೆಗಳ ನಡುವೆ ಒಂದು ದೊಣೆ ಇದೆ, ಬೇಸಿಗೆಯಲ್ಲೂ ಬತ್ತದ ನೀರು. ಉಳಿದ ಕುರಿ ಬದುಕಿರುವುದು ಕದ್ದು ಆ ನೀರು ಕುಡಿದು. ದೊಣೆಯ ಮೇಲ್ಗಡೆಯೇ ಗುಡ್ಡದಪ್ಪನ ಕಲ್ಲುಗಳು.

"ದೊಣಿ ಹೋತು ಅಂದ್ರ ಹಟ್ಟಿ ಎತ್ತಬೇಕಕ್ಕಾ. ಮತ್ತೇನೈತಿ ಅಲ್ಲಿ?" ಎಂದಳು. ತನ್ನ ಗುಡ್ಡವನ್ನು ಅಗೆದು ತಂದ ಮಣ್ಣನ್ನೇ ಕೂಲಿಗೆ ಜರಡಿ ಹಿಡಿಯುತ್ತ ಕೂತಿದ್ದೇನೆಂದು ಅವಳಿಗೆ ಅವತ್ತು ಗೊತ್ತಾಯಿತು. ನಾನು ಬುತ್ತಿಯ ರೊಟ್ಟಿ ಹಾಗೇ ಕಟ್ಟಿಟ್ಟೆ.

ಮಾರನೆಯ ದಿನ ರಜೆ ಹಾಕಿ ಅವಳ ಜೊತೆ ಹಟ್ಟಿಗೆ ಹೋದೆ. ಸಂಬಂಧಿಕಳೆಂದು ಹೇಳಿಕೊಂಡು ಗುಡ್ಡ ಹತ್ತಿದೆವು. ಕಾವಲಿನವರು ಊಟಕ್ಕೆ ಹೋಗಿದ್ದರು. ಯಂತ್ರದ ನೆರಳಲ್ಲಿ ಒಬ್ಬ ಮೇಸ್ತ್ರಿ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಅಗೆಯುವ, ತುಂಬುವ ಕೆಲಸವೆಲ್ಲ ಅವನ ಕೈಕೆಳಗೆ. ಹಣೆ ತುಂಬ ವಿಭೂತಿ. ಗುಡ್ಡದ ಅರ್ಧ ಮಗ್ಗುಲು ಕಡಿದ ರೊಟ್ಟಿಯಂತೆ ಇತ್ತು. ಅಂಚಿನಲ್ಲಿ ಕೆಲವು ಸುಣ್ಣದ ಕಲ್ಲು ಉಳಿದಿದ್ದವು, ಅವುಗಳ ಕೆಳಗೆ ದೊಣೆಯ ನೀರು ಮಿನುಗುತ್ತಿತ್ತು.

"ಯಣ್ಣಾ, ಇಲ್ಲಿ ದೇವರ ಕಲ್ಲಿದ್ವಲ್ಲ, ಏನ್ ಮಾಡಿದ್ರಿ?" ಎಂದು ಕೇಳಿದೆ. ಸುಳ್ಳು ಹೇಳುತ್ತಾನೆಂದುಕೊಂಡಿದ್ದೆ. ಅವನು ಎದೆ ಉಬ್ಬಿಸಿಕೊಂಡು ಹೇಳಿದ.

"ಏನ್ ಮಾಡೋದು ತಂಗಿ? ಬಕೆಟಿನಾಗ ಬಂದ್ಬಿಟ್ಟವು. ನಮ್ ಹುಡುಗ್ರು ಕಸದ ದಿಬ್ಬಕ್ಕ ಹಾಕಾಕ ಹೋಗಿದ್ರು, ನಾ ಬಿಡಲಿಲ್ಲ. ದೇವರನ್ನ ಕಸಕ್ಕ ಹಾಕ್ತಾರೇನು? ಪಾಪ ಸುತ್ಕೊಂತೈತಿ. ಕಾಯಿ ಒಡದು, ಊದಿನಕಡ್ಡಿ ಹಚ್ಚಿ, ಛಲೋ ಮಾಲಿನ ಲಾರಿಗೆ ಮುಂದ ಇಟ್ಟು ಕಳಿಸಿಕೊಟ್ವಿ. ಮರ್ಯಾದಿಲೆ ಹೋದ್ವು."

ನನಗೆ ನಗಬೇಕೋ ಅವನ ಮುಖಕ್ಕೆ ಉಗಿಯಬೇಕೋ ತಿಳಿಯಲಿಲ್ಲ. ದೇವರನ್ನು ಪೂಜಿಸುವವನ ಮೊಣಕಾಲು ಮುರಿದಾಗ ಸುತ್ತಿಕೊಳ್ಳದ ಪಾಪ, ಕಲ್ಲನ್ನು ಕಸಕ್ಕೆ ಹಾಕಿದರೆ ಸುತ್ತಿಕೊಳ್ಳುತ್ತದಂತೆ! ಆದರೆ ಅವನ ಆ ಭಕ್ತಿಯೇ ಇಡೀ ಕಳ್ಳತನವನ್ನು ಬಯಲಿಗೆ ತಂದಿತ್ತು. ಕಸಕ್ಕೆ ಎಸೆದಿದ್ದರೆ ನನ್ನ ಜರಡಿಗೆ ಆ ಕಲ್ಲು ಬರುತ್ತಲೇ ಇರಲಿಲ್ಲ.

ಕಲ್ಲನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಮ್ಯಾನೇಜರನ್ನೂ ಕರೆಸಿದ್ದರು. ಅವನು ಕಲ್ಲನ್ನು ತಿರುಗಿಸಿ ನೋಡಿ ಹಲ್ಲು ಕಿರಿದ.

"ಇದಾ? ಲಾರಿ ಮ್ಯಾಲೆ ನಾವು ಸುಣ್ಣದ ನೀರು ಹೊಡಿತೀವಲ್ಲ ಮೇಡಂ, ದಾರೀಲಿ ಯಾರೂ ಮಾಲು ಕದೀಬಾರ್ದು ಅಂತ. ಅದೇ ಸುಣ್ಣ ಇದು."

ಅದು ನಿಜವೇ. ತುಂಬಿದ ಲಾರಿಯ ಮೇಲೆ ಸುಣ್ಣದ ನೀರು ಎರಚಿ ಕಳಿಸುತ್ತಾರೆ, ನಡುವೆ ಮಾಲು ಎತ್ತಿದರೆ ಬಿಳಿ ಪದರ ಒಡೆದದ್ದು ಕಾಣಲಿ ಎಂದು. ಕಳ್ಳರಿಗೆ ಕಳ್ಳರ ಭಯ. ನಾನು ಭೂತಗನ್ನಡಿ ತೆಗೆದು ಕಲ್ಲಿನ ಮುರಿದ ಅಂಚನ್ನು ಮುಖ್ಯಸ್ಥರಿಗೆ ತೋರಿಸಿದೆ. ಲಾರಿಯ ಸುಣ್ಣವಾದರೆ ಒಂದೇ ಮಗ್ಗುಲಿಗೆ, ಒಂದೇ ತೆಳು ಪೊರೆ. ಇಲ್ಲಿ ಬಿಳಿ, ಅದರ ಮೇಲೆ ಕೆಂಪು, ಮತ್ತೆ ಬಿಳಿ, ಮತ್ತೆ ಕೆಂಪು, ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಎಷ್ಟೋ ದೀವಳಿಗೆಗಳು ಆ ಅಂಚಿನಲ್ಲಿ ಒಂದರ ಮೇಲೊಂದು ಕೂತಿದ್ದವು.

ಮುಖ್ಯಸ್ಥರು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು ಎಂಬುದು ಅವರ ಕಿವಿ ಕೆಂಪಾದದ್ದರಲ್ಲೇ ಕಂಡಿತು. ಆಮೇಲೆ ಕನ್ನಡಕ ಒರೆಸಿಕೊಂಡು ಹೇಳಿದರು: "ನಿಯಮದ ಪ್ರಕಾರ ಇದು ಹೊರವಸ್ತು. ಹಗ್ಗ, ಕಟ್ಟಿಗೆ, ಚಿಂದಿ ಬಂದರೆ ಏನು ಮಾಡುತ್ತೀಯ? ಆರಿಸಿ ಬಿಸಾಡಿ ಆಮೇಲೆ ಮಾದರಿ ಸೀಲು ಮಾಡುತ್ತೀಯ. ಇದನ್ನೂ ಹಾಗೇ ಮಾಡು."

ಯಾರ್ಡಿಗೆ ವಾಪಸು ಬರುವವರೆಗೂ ನನ್ನ ಮೈ ಉರಿಯುತ್ತಿತ್ತು. ಆ ಲೋಡಿನ ಅಂತಿಮ ಮಾದರಿ ತಗಡಿನ ಮೇಲೆ ಸಿದ್ಧವಿತ್ತು. ಒಂದು ಡಬ್ಬಿ ನಮಗೆ, ಒಂದು ವ್ಯಾಪಾರಿಗೆ, ಒಂದು ಸಮುದ್ರದಾಚೆ ಕೊಳ್ಳುವವರಿಗೆ. ಮೂರನೆಯದನ್ನು ಅವರ ಲ್ಯಾಬಿನವರ ಹೊರತು ಬೇರೆ ಯಾರೂ ಒಡೆಯುವಂತಿಲ್ಲ. ಕಲ್ಲು ಅದಿರಿನದೇ, ಆ ಗುಡ್ಡೆಯಿಂದಲೇ ಬಂದದ್ದು, ನನ್ನ ಸಲಿಕೆಗೇ ಸಿಕ್ಕಿದ್ದು. ಹೊರವಸ್ತು ಹೇಗಾಗುತ್ತದೆ? ಅದು ಆ ಗುಡ್ಡದ ಒಳವಸ್ತುವಲ್ಲವೇ? ಅದನ್ನು ಮೂರನೆಯ ಡಬ್ಬಿಗೆ ಹಾಕುವುದೆಂದು ನಿರ್ಧರಿಸಿದೆ. ಜರಡಿಯವಳನ್ನು ಕರೆದು ಹೇಳಿದೆ.

ಅವಳು ಕಲ್ಲನ್ನು ಸೆರಗಿನಲ್ಲಿ ಹಿಡಿದುಕೊಂಡಳು. "ನೀರು ದಾಟಿ ಹೊಕ್ಕೈತೇನಕ್ಕಾ? ವಾಪಸ್ ಬರ್ತೈತಾ?"

"ಬರ್ತೈತಿ. ಅವರು ನೋಡಿದ ಮ್ಯಾಲೆ ನಾನ ತರಸ್ತೀನಿ," ಎಂದೆ. ಅವಳು ಕಲ್ಲನ್ನು ಹಣೆಗೆ ಒತ್ತಿಕೊಂಡು ಡಬ್ಬಿಯೊಳಗೆ ಇಟ್ಟಳು. ಜೊತೆಗೆ ಗುಡ್ಡದ ಹೆಸರು, ಅಲ್ಲಿ ಕಂಡದ್ದು, ಪದರಗಳ ವಿಷಯ ಒಂದು ಹಾಳೆಯಲ್ಲಿ ಬರೆದು ಹಾಕಿ ಅರಗು ಸುರಿದೆ.

ಮಳೆಗಾಲ ಮುಗಿಯುವವರೆಗೂ ಸುದ್ದಿಯಿಲ್ಲ. ಯಂತ್ರ ಅಗೆಯುತ್ತಲೇ ಇತ್ತು. ನವರಾತ್ರಿಯ ಸುಮಾರಿಗೆ ಪರದೇಶದ ಕಂಪನಿಯಿಂದ ಪ್ರತಿನಿಧಿಯೊಬ್ಬಳು ಬಂದಳು. ಡಬ್ಬಿ ಒಡೆದು ಕಲ್ಲು ನೋಡಿ ಅವರ ಕಚೇರಿಯವರೆಲ್ಲ ತುಂಬ ಕಲಕಿಹೋದರಂತೆ. ಹಾಗೆಂದು ನನ್ನ ಕೈ ಹಿಡಿದುಕೊಂಡು ಹೇಳಿದಳು, ಕಣ್ಣಲ್ಲಿ ನೀರೂ ಇತ್ತು. ಮ್ಯಾನೇಜರೂ ಕರವಸ್ತ್ರ ತೆಗೆದ. ಮುಖ್ಯಸ್ಥರು ತಮ್ಮ ಏಜೆನ್ಸಿಯ ಎಚ್ಚರದ ಬಗ್ಗೆ ಭಾಷಣ ಮಾಡಿದರು. ನಾನು ಪೆದ್ದಿಯಂತೆ ನಂಬಿದೆ, ಇನ್ನೇನು ಯಂತ್ರ ಗುಡ್ಡ ಇಳಿಯುತ್ತದೆ ಎಂದು.

ಸಂಜೆ ಹೊಸ ಷರತ್ತು ಓದಿದರು. ಇನ್ನು ಮುಂದೆ ಬಣ್ಣ ಬಳಿದ ಪೂಜೆಯ ಕಲ್ಲು ಒಂದೇ ಒಂದು ಕಂಡರೂ ಆ ಇಡೀ ಗುಡ್ಡೆಯನ್ನು ತಿರಸ್ಕರಿಸಲಾಗುವುದು. ಅದಕ್ಕಾಗಿ ಯಾರ್ಡಿನಲ್ಲಿ ಆಳುಗಳನ್ನು ಸಾಲಾಗಿ ಕೂರಿಸಿ ಅಂಥ ಕಲ್ಲು ಆರಿಸಿ ತೆಗೆಯುವ ಸಾಲೊಂದನ್ನು ಮಾಡಬೇಕು. ಸ್ಥಳೀಯ ಸಂಸ್ಕೃತಿಯ ಗೌರವಾರ್ಥ ವರ್ಷಕ್ಕೊಂದು ದಿನ ಹಟ್ಟಿಯವರನ್ನು ಗುಡ್ಡಕ್ಕೆ ಬಿಡಬೇಕು. ಅಷ್ಟೇ. ಅಗೆಯುವುದರ ಬಗ್ಗೆ ಒಂದಕ್ಷರವಿಲ್ಲ, ಮುರಿದ ಮೊಣಕಾಲಿನ ಬಗ್ಗೆ ಅರ್ಧಾಕ್ಷರವಿಲ್ಲ.

ಅವರಿಗೆ ಬೇಡವಾಗಿದ್ದದ್ದು ಕಳ್ಳ ಅದಿರಲ್ಲ, ಅದು ಕಳ್ಳ ಅದಿರೆಂದು ಹೇಳುವ ಕಲ್ಲು. ಪತ್ತೆ ಹಚ್ಚಿ ಎಂದವರು ಈಗ ಪತ್ತೆಯನ್ನೇ ಆರಿಸಿ ಎಸೆಯಲು ಆಳು ಇಟ್ಟಿದ್ದರು. ಇಷ್ಟು ಹೇಸಿಗೆ ನನಗೆ ಹಿಂದೆಂದೂ ಆಗಿರಲಿಲ್ಲ. ಕೈ ಕುಲುಕಲು ಬಂದ ಪ್ರತಿನಿಧಿಗೆ ಕೆಂಪು ಮಣ್ಣು ಮೆತ್ತಿದ ಕೈಯನ್ನೇ ಕೊಟ್ಟೆ. ಅವಳು ಕಾರಿನಲ್ಲಿ ಕೂತ ಮೇಲೆ ಅದನ್ನು ಒರೆಸಿಕೊಳ್ಳುವುದು ಕಾಣಿಸಿತು.

ಆರಿಸುವ ಸಾಲಿಗೆ ಮ್ಯಾನೇಜರು ಮೊದಲು ಕರೆದದ್ದು ಯಾರನ್ನು? ಆ ಜರಡಿಯವಳನ್ನೇ. "ನಿಮ್ ದೇವರು ನಿಮಗೇ ಚೆನ್ನಾಗಿ ಗುರ್ತು ಸಿಗೋದು, ಅಲ್ವೇನಮ್ಮಾ?" ಎಂದ. ಅವಳ ಹಿಂದೆ ಹಟ್ಟಿಯ ಇನ್ನೂ ಕೆಲವು ಹೆಂಗಸರು ಬಂದರು.

ಆ ಷರತ್ತು ಕೂಲಿಯವರಿಗೆ ತಿಳಿಯಬೇಕಾದ್ದಲ್ಲ. ಕಲ್ಲು ಕಂಡರೆ ಆರಿಸಿ ಬುಟ್ಟಿಗೆ ಹಾಕಿ ಎಂದಷ್ಟೇ ಅವರಿಗೆ ಹೇಳಿದ್ದರು. ನಾನು ಹಟ್ಟಿಗೇ ಹೋಗಿ ಇಡೀ ಷರತ್ತನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕಟ್ಟೆಯ ಮೇಲೆ ಕೋಲು ಊರಿ ಕೂತಿದ್ದ ಅವಳ ಗಂಡ ಎರಡು ಸಲ ಹೇಳಿಸಿಕೊಂಡ.

"ಸುಣ್ಣ ಹಚ್ಚಿದ ಕಲ್ಲು ಒಂದ ಇದ್ರೂ ಇಡೀ ಗುಡ್ಡಿ ಒಲ್ಲೆ ಅಂತಾರೇನವ್ವಾ?"

"ಹೂಂ."

"ಒಂದಿನ ನಮ್ಮನ್ನ ಮ್ಯಾಲೆ ಬಿಡ್ತಾರ?"

"ಬಿಡಬೇಕು, ಅವರ ಬರದಾರ."

ಗಂಡ ಹೆಂಡತಿಯ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. "ಸುಣ್ಣ ಭಾಳ ಬೇಕಾಗ್ತೈತಿ," ಎಂದಳು. ಅವತ್ತು ನಾವು ಅಷ್ಟೇ ಮಾತಾಡಿದ್ದು.

ದೀವಳಿಗೆಯ ದಿನ ಹಟ್ಟಿಗೆ ಹಟ್ಟಿಯೇ ಗುಡ್ಡ ಹತ್ತಿತು. ಸುತ್ತಲಿನ ಹಟ್ಟಿಗಳ ನೆಂಟರೂ ಬಂದಿದ್ದರು. ಕೊಡ, ಬಕೀಟು, ಡಬ್ಬಿಗಳಲ್ಲಿ ಸುಣ್ಣ, ಪೊರಕೆ, ಕತ್ತಾಳೆ ನಾರಿನ ಕುಂಚ. ಕೆಮ್ಮಣ್ಣಿಗೆ ಬರವಿರಲಿಲ್ಲ, ಗುಡ್ಡವೇ ಅದು. ಪೂಜೆಗೆ ಬಿಡಲೇಬೇಕೆಂದು ಮ್ಯಾನೇಜರಿಗೆ ಮೇಲಿನಿಂದ ಹುಕುಂ ಇತ್ತು. ಕಾವಲಿನವರು ಪಕ್ಕಕ್ಕೆ ನಿಂತು ಪ್ರಸಾದ ತಿಂದರು. ಹೊತ್ತು ಮುಳುಗುವಷ್ಟರಲ್ಲಿ ದೊಣೆಯ ಸುತ್ತಲಿನ ಬಂಡೆ, ಬಂಡೆಯ ಮೇಲಿನ ಕಲ್ಲು, ಯಂತ್ರ ಕಡಿದು ನಿಲ್ಲಿಸಿದ ಗೋಡೆ, ಗೋಡೆಯ ಬುಡದಲ್ಲಿ ಲಾರಿಗೆ ಕಾಯುತ್ತಿದ್ದ ಮಾಲು, ಒಂದನ್ನೂ ಬಿಡದೆ ಬಿಳಿ ಬಳಿದು ಕೆಂಪು ಪಟ್ಟೆ ಹಾಕಿದ್ದರು. ಎತ್ತಿದ ಕಲ್ಲೆಲ್ಲ ದೇವರು, ಕಾಲಿಟ್ಟಲ್ಲೆಲ್ಲ ಗುಡ್ಡದಪ್ಪ. ನಾನೂ ಒಂದು ಪೊರಕೆ ಹಿಡಿದಿದ್ದೆ. ತೋಳು ಸೋತು ಬಿದ್ದುಹೋಗಿತ್ತು, ಆದರೆ ಆ ವರ್ಷ ನನಗೆ ಸ್ವಲ್ಪ ಉಸಿರಾಡಿದಂತೆ ಅನಿಸಿದ್ದು ಅವತ್ತು ಮಾತ್ರ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬಂದು ನೋಡಿ ಯಂತ್ರದ ಬಳಿಗೇ ಹೋಗಲಿಲ್ಲವಂತೆ. ಚಪ್ಪಲಿ ಬಿಟ್ಟು ಕೈ ಮುಗಿದನಂತೆ. ಮ್ಯಾನೇಜರು ಕೂಗಾಡಿದ್ದಕ್ಕೆ, "ನನ್ ಕೈಲೆ ಆಗಂಗಿಲ್ರಿ. ಒಂದೆರಡಿದ್ವು, ಕಾಯಿ ಒಡದು ಕಳಿಸಿದ್ವಿ. ಇದು ಇಡೀ ಗುಡ್ಡನ ದೇವರಾಗಿ ಕುಂತೈತಿ. ಎಷ್ಟು ಕಾಯಿ ಒಡಿಲಿ?" ಎಂದು ತನ್ನ ಹುಡುಗರನ್ನೆಲ್ಲ ಕರೆದುಕೊಂಡು ಮನೆಗೆ ಹೋದ. ಮ್ಯಾನೇಜರು ಬಿಡುವವನೇ? ಈ ದೇವರ ಗೊಡವೆಯೇ ಗೊತ್ತಿಲ್ಲದ ದೂರದ ಊರಿನ ಆಳುಗಳನ್ನು ತಂದು ಅಗೆಸಿ ಯಾರ್ಡಿಗೆ ಸುರಿಸಿದ.

ಆ ಲೋಡು ಆರಿಸುವ ಸಾಲಿಗೆ ಬಂತು. ಹೆಂಗಸರು ಕೂತಿದ್ದರು, ಕೈಗಳೂ ಆಡುತ್ತಿದ್ದವು. ಕರಿ ಕಲ್ಲನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದರು, ಬಿಳಿ ಕಲ್ಲನ್ನು ಮುಂದಕ್ಕೆ ಬಿಡುತ್ತಿದ್ದರು. ಜರಡಿಯವಳು ಬಾಯಿಗೆ ಕಟ್ಟಿದ್ದ ಸೆರಗು ಬಿಚ್ಚಿದ್ದಳು. ನಾನು ಗುಡ್ಡೆಯ ಸುತ್ತ ಅಗೆದೆ, ಸುರಿದೆ, ತಟ್ಟಿದೆ, ಪಾಲು ಮಾಡಿದೆ. ಯಾವ ಪಾಲಿನಲ್ಲಿ ಹುಡುಕಿದರೂ ಸುಣ್ಣದ ಕಲ್ಲು. ಅವರದೇ ಷರತ್ತಿನ ಪ್ರಕಾರ ಗುಡ್ಡೆ ತಿರಸ್ಕೃತ ಎಂದು ಬರೆದು ಸೀಲು ಹಾಕಿದೆ. ಮುಂದಿನ ಲೋಡಿಗೂ ಅದೇ. ಅದರ ಮುಂದಿನದಕ್ಕೂ ಅದೇ.

"ಇದು ಹೊಸ ಸುಣ್ಣ ಮೇಡಂ! ಒಂದೇ ಪದರ! ಬೇಕಂತ ಹಚ್ಯಾರೆ!" ಎಂದು ಮ್ಯಾನೇಜರು ಕಲ್ಲು ಹಿಡಿದುಕೊಂಡು ಕುಣಿದ.

"ಪದರ ಎಷ್ಟಿರಬೇಕು ಅಂತ ಷರತ್ತಿನಲ್ಲಿ ಬರೆದಿಲ್ಲವಲ್ಲ," ಎಂದೆ. ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು.

ಯಂತ್ರ ಗುಡ್ಡ ಇಳಿಯಿತು. ಆದರೆ ಯಾರೂ ಹೂಮಾಲೆ ತರುವ ಅಗತ್ಯವಿಲ್ಲ. ಅದು ನೆಟ್ಟಗೆ ಇನ್ನೊಂದು ತಾಲ್ಲೂಕಿನ ಗುಡ್ಡಕ್ಕೆ ಹೋಯಿತು. ಅಲ್ಲಿ ದನ ಮೇಯಿಸುವವರಿದ್ದರು, ಸುಣ್ಣದ ಕಲ್ಲು ಇರಲಿಲ್ಲ. ಆ ಮಾಲು ಒಂದು ಕಲೆಯೂ ಇಲ್ಲದೆ ಯಾರ್ಡಿಗೆ ಬಂತು, ಬೆರಕೆಯಾಯಿತು, ತಾಳೆಗೆ ಸಿಗದೆ ಹಡಗು ಹತ್ತಿತು. ಆ ಮಾಲಿನ ಡಬ್ಬಿಗೆ ಸೀಲು ಹಾಕಲು ಒಲ್ಲೆನೆಂದು ನಾನು ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಮಾರನೆಯ ದಿನವೇ ಇನ್ನೊಬ್ಬರು ಬಂದರು.

ಮರುವರ್ಷ ಪರದೇಶದ ಕಂಪನಿ ನುಣುಪು ಕಾಗದದ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ ನನಗೂ ಕಳಿಸಿತು. ಮುಖಪುಟದಲ್ಲಿ ಬಿಳಿ ಕೆಂಪು ಪಟ್ಟೆಯ ನಮ್ಮ ಗುಡ್ಡ. ತಮ್ಮ ಪತ್ತೆ ಯೋಜನೆ ಒಂದು ಪವಿತ್ರ ಬೆಟ್ಟವನ್ನು ಉಳಿಸಿತು ಎಂದು ಒಳಗೆ ಬರೆದುಕೊಂಡಿದ್ದರು. ಕಲ್ಲನ್ನು ವಾಪಸು ಕಳಿಸಿ ಎಂದು ನಾನು ಅಷ್ಟು ಸಲ ಕೇಳಿಕೊಂಡದ್ದಕ್ಕೆ ಉತ್ತರ ಅದರ ಕೊನೆಯ ಪುಟದಲ್ಲಿತ್ತು. ಅವರ ಕಚೇರಿಯ ಬಾಗಿಲಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ದೀಪದ ಕೆಳಗೆ ಆ ಕಲ್ಲು. ಪದರ ಚೆನ್ನಾಗಿ ಕಾಣಲೆಂದು ನಡುವೆ ಗರಗಸದಲ್ಲಿ ಕೊಯ್ದು, ಕೊಯ್ದ ಮೈಗೆ ಹೊಳಪು ಕೊಟ್ಟಿದ್ದರು.

ಹಟ್ಟಿಗೆ ಹೋದಾಗ ಪುಸ್ತಿಕೆಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ. ಅವಳು ದೊಣೆಯ ಹತ್ತಿರ ಕುರಿಗೆ ನೀರು ಕುಡಿಸುತ್ತಿದ್ದಳು. ಕುರಿ ಮತ್ತೆ ಕೂಡಿದ್ದವು, ಮೊದಲಿನಷ್ಟಲ್ಲ. ದೀವಳಿಗೆ ಹತ್ತಿರವಿತ್ತು. ಮನೆಯ ಮುಂದೆ ಸುಣ್ಣ ನೆನೆಹಾಕಿದ ಗಡಿಗೆಗಳನ್ನು ನೋಡಿಯೇ ಬಂದಿದ್ದೆ.

"ಅಕ್ಕಾ, ನಮ್ ಕಲ್ಲು ಯಾವಾಗ ಬರ್ತೈತಿ?" ಎಂದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪುಟ ತೆಗೆದು ತೋರಿಸಿದೆ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಚಿತ್ರದ ಮೇಲೆ ಬೆರಳಿಟ್ಟಳು. ಕೊಯ್ದ ಗೆರೆಯ ಉದ್ದಕ್ಕೂ ಬೆರಳು ಹೋಗಿ ಬಂತು. ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ತಲೆ ಎತ್ತಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ದೀವಳಿಗಿಗೆ ಅಲ್ಲಿ ಸುಣ್ಣ ಹಚ್ಚಾಕ ಯಾರದಾರಕ್ಕಾ?"